ಪೆಟ್ಟಿಗೆ ಸಿಗದಿದ್ದರೇನು, ಬಿಡಿ ಇಟ್ಟಿಗೆ ಇದೆಯಲ್ಲ!

ಲೆಗೊ ಕಂಪನಿ 2008ರಲ್ಲಿ ‘ಗ್ರೀನ್ ಗ್ರೋಸರ್’ ಎಂಬ ಮೂರಂತಸ್ತಿನ ದಿನಸಿ ಅಂಗಡಿಯ ಸೆಟ್ ಹೊರತಂದಿತು. ಒಟ್ಟು 2,352 ತುಂಡು. ತಯಾರಿಕೆ ನಿಂತದ್ದೇ ತಡ, ಸೀಲ್ ಒಡೆಯದ ಪೆಟ್ಟಿಗೆಯ ಬೆಲೆ ಗಗನಕ್ಕೇರಿತು. ಪೆಟ್ಟಿಗೆ ಯಾರಿಗೆ ಬೇಕು, ಅಂಗಡಿ ಕಟ್ಟಿದರೆ ಸಾಕು ಎನ್ನುವವರು ಬೇರೆ ದಾರಿ ಹಿಡಿದರು. ತುಂಡುಗಳನ್ನು ಬಿಡಿಬಿಡಿಯಾಗಿ ಹುಡುಕಿ ಕೊಂಡು ಇಡೀ ಸೆಟ್ಟನ್ನು ಕೂಡಿಸತೊಡಗಿದರು.

ಇದು ಸಾಧ್ಯವಾಗುವುದಕ್ಕೆ ಕಾರಣ ಡೆನ್ಮಾರ್ಕಿನಲ್ಲಿ 1958ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ಇಟ್ಟಿಗೆಯ ವಿನ್ಯಾಸ. ಅಂದಿನ ಇಟ್ಟಿಗೆಗೆ ಇಂದಿನದು ಟಕ್ಕೆಂದು ಕೂರುತ್ತದೆ. ತುಂಡನ್ನು ಮಗುಚಿ ಬೆಳಕಿಗೆ ಹಿಡಿದರೆ ಒಳಗೆ ಇರುವೆಯಷ್ಟು ಸಣ್ಣ ಅಂಕಿ ಕಾಣುತ್ತದೆ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬುಟುಗಳಿರುವ ಇಟ್ಟಿಗೆಯ ಸಂಖ್ಯೆ 3001. ಆ ಸಂಖ್ಯೆಗೆ ಬಣ್ಣದ ಹೆಸರು ಸೇರಿಸಿದರೆ ಯಾವ ದೇಶದ ಅಂಗಡಿಯವನಿಗೂ ನಿಮಗೇನು ಬೇಕೆಂದು ತಿಳಿಯುತ್ತದೆ. ಕಟ್ಟುವ ಕ್ರಮದ ಕೈಪಿಡಿಗಳನ್ನು ಕಂಪನಿಯೇ ಅಂತರ್ಜಾಲದಲ್ಲಿ ಪುಕ್ಕಟೆ ಕೊಡುತ್ತದೆ.

ಬಿಡಿ ತುಂಡುಗಳ ದೊಡ್ಡ ಸಂತೆ ‘ಬ್ರಿಕ್‌ಲಿಂಕ್’. 2000ದಲ್ಲಿ ಡ್ಯಾನ್ ಯೆಜೆಕ್ ಎಂಬ ಅಭಿಮಾನಿ ಶುರುಮಾಡಿದ್ದು. 2019ರಲ್ಲಿ ಲೆಗೊ ಕಂಪನಿಯೇ ಅದನ್ನು ಕೊಂಡಿತು. ಸೆಟ್ಟಿನ ಸಂಖ್ಯೆ ಕೊಟ್ಟರೆ ತುಂಡುಗಳ ಪಟ್ಟಿ ಸಿಗುತ್ತದೆ. ಎಲ್ಲವೂ ಒಬ್ಬ ಮಾರಾಟಗಾರನಲ್ಲಿ ಸಿಗುವುದು ಅಪರೂಪ. ನಾಲ್ಕಾರು ಅಂಗಡಿಗೆ ಹಂಚಿ ತರಿಸಬೇಕು, ಪ್ರತಿ ಪೊಟ್ಟಣಕ್ಕೂ ಅಂಚೆ ವೆಚ್ಚ ತೆರಬೇಕು. ಅಗ್ಗವೆಂದು ಹೊರಟವರು ಎಡವುವುದು ಇಲ್ಲೇ.

ನಿಜವಾದ ಸತ್ವಪರೀಕ್ಷೆ ಬಣ್ಣದ್ದು. ಗ್ರೀನ್ ಗ್ರೋಸರ್‌ನ ಗೋಡೆ ಮಾಸಲು ಹಸಿರು. ಆ ಬಣ್ಣದ ಎಂಟು ಗುಬುಟಿನ ಉದ್ದ ಇಟ್ಟಿಗೆ ಬಹುಕಾಲ ದುರ್ಲಭವಾಗಿತ್ತು, ಸಿಕ್ಕರೂ ದುಬಾರಿ. ಜಾಣರು ಅದರ ಬದಲು ನಾಲ್ಕು ಗುಬುಟಿನ ಎರಡನ್ನು ಜೋಡಿಸುತ್ತಾರೆ. ಗೋಡೆಯಲ್ಲಿ ಒಂದು ಗೆರೆ ಹೆಚ್ಚುತ್ತದೆ, ಅಷ್ಟೆ. ಶುದ್ಧವಾದಿಗಳು ಇದನ್ನು ಒಪ್ಪುವುದಿಲ್ಲ, ಅವರ ಪಾಡು ಅವರಿಗೆ! ಬೂದು ಬಣ್ಣ ಇನ್ನೂ ಮೋಸಗಾರ. 2004ರ ಸುಮಾರಿಗೆ ಕಂಪನಿ ಅದಕ್ಕೆ ನೀಲಿಯ ಛಾಯೆ ಬೆರೆಸಿತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ತೇಪೆ ಹಾಕಿದಂತೆ ಕಾಣುತ್ತದೆ. ಬಿಳಿಯದು ಬಿಸಿಲು ಕಂಡು ಹಳದಿಗೆ ತಿರುಗಿರುತ್ತದೆ, ಚಿತ್ರ ನೋಡದೆ ಕೊಳ್ಳಬಾರದು.

ಭಾರತದಲ್ಲಿ ಕೂತು ತರಿಸುವವರಿಗೆ ಸುಂಕದ ಲೆಕ್ಕವೂ ಸೇರುತ್ತದೆ. ಹಾಗಾಗಿ ಮೊದಲಿಗೇ ದೊಡ್ಡ ಕಟ್ಟಡಕ್ಕೆ ಕೈಹಾಕಬೇಡಿ. ನೂರಿನ್ನೂರು ತುಂಡಿನ ಹಳೆಯ ಸೆಟ್ ಆರಿಸಿಕೊಳ್ಳಿ, ಮನೆಯ ಆಟಿಕೆ ಡಬ್ಬಿ ಸುರುವಿ ಇದ್ದದ್ದನ್ನು ಪಟ್ಟಿಯಿಂದ ಹೊಡೆದುಹಾಕಿ, ಉಳಿದದ್ದಕ್ಕಷ್ಟೇ ದುಡ್ಡು ಹಾಕಿ.