ಭೂತಾಯಿ: ಬಡವರ ಮೀನಿನ ಬರವು-ಹೋಕು

ಮುಂಬಯಿಯ ಪೇಟೆಯಲ್ಲಿ 'ತಾರ್ಲಿ' ಎಂದೂ ಕೇರಳದಲ್ಲಿ 'ಮತ್ತಿ' ಎಂದೂ ಕರೆಸಿಕೊಳ್ಳುವ ಗೇಣುದ್ದದ ಬೆಳ್ಳಿಮೀನು ನಮ್ಮ ಕರಾವಳಿಯ ಭೂತಾಯಿಯೇ. ಕೆಲವರು ಇದನ್ನು ಬೈಗೆ ಎನ್ನುವುದೂ ಉಂಟು. ಊರು ಬಿಟ್ಟು ಬಂದ ನಾವು ಹೆಸರು ಬದಲಿಸಿ ಕೇಳಿದರೂ ಪುಳಿಮುಂಚಿಯ ರುಚಿ ಬದಲಾಗುವುದಿಲ್ಲ. ಆದರೆ ಒಂದು ವರ್ಷ ರಾಶಿ ರಾಶಿಯಾಗಿ ಬರುವ ಈ ಮೀನು ಇನ್ನೊಂದು ವರ್ಷ ಮುಖ ತೋರಿಸದೆ ಹೋಗುವುದೇಕೆ? ಇದು ಬರಿಯ ನಾಲಗೆಯ ಪ್ರಶ್ನೆಯಲ್ಲ. ಊರಿನ ಎಷ್ಟೋ ಮನೆಗಳ ಒಲೆ ಇದನ್ನೇ ನೆಚ್ಚಿಕೊಂಡಿದೆ.

ಭೂತಾಯಿಯ ಆಯುಸ್ಸು ಎರಡು-ಎರಡೂವರೆ ವರ್ಷ ಮಾತ್ರ. ಮುಂಗಾರಿನ ತಿಂಗಳುಗಳೇ ಅದು ಮೊಟ್ಟೆಯಿಡುವ ಮುಖ್ಯ ಕಾಲ. ಆಗ ಸಮುದ್ರದ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರೊಡನೆ ಬಂದ ಸತ್ವದಿಂದ ಕಣ್ಣಿಗೆ ಕಾಣದ ಪಾಚಿಗಳು ಹುಲುಸಾಗುತ್ತವೆ. ಅವೇ ಭೂತಾಯಿಯ ಮೇವು. ಮೇವು ಹದವಾಗಿ ಸಿಕ್ಕಿದರೆ ಮರಿಗಳು ಉಳಿದು ಕೊಬ್ಬುತ್ತವೆ. ಇಲ್ಲವಾದರೆ ಮುಂದಿನ ವರ್ಷದ ಬಲೆ ಬರಿದು.

ಇದರ ಮೈಯೆಲ್ಲ ಎಣ್ಣೆ. ಹಿಂದೆ ಆ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಉಳಿದ ಹಿಂಡಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ದಡದಿಂದ ಹತ್ತಾರು ಜನ ಕೂಡಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆಯನ್ನು 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು ಹಿಂದಕ್ಕೆ ತಳ್ಳಿದವು. ಈಗ ಹಿಡಿದುದರಲ್ಲಿ ಒಂದು ಪಾಲು ಮೀನುಹುಡಿಯ ಕಾರಖಾನೆಗೆ ಹೋಗಿ, ಸಿಗಡಿ ಮತ್ತು ಸಾಕುಮೀನುಗಳಿಗೆ ಆಹಾರವಾಗುತ್ತದೆ.

ಬರಗಾಲ ಹೊಸದೇನಲ್ಲ. 1940ರ ದಶಕದಲ್ಲಿಯೂ ಭೂತಾಯಿ ಮಾಯವಾಗಿ, ಅಂದಿನ ಮದರಾಸು ಸರಕಾರ 1943ರಲ್ಲಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು. ಕೇರಳದ ಲೆಕ್ಕವನ್ನೇ ನೋಡೋಣ: 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಸಮುದ್ರದ ಬಿಸಿ, ಮಳೆಯ ಏರುಪೇರುಗಳು ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಅವು ನಮ್ಮ ಅಂಕೆಗೆ ಸಿಗುವಂಥವಲ್ಲ. ಆದರೆ ಮೊಟ್ಟೆಯಿಡುವ ಮುನ್ನವೇ ಮರಿಗಳನ್ನು ಬಾಚಿಕೊಳ್ಳುವುದು ಮನುಷ್ಯನ ಕೆಲಸ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದೆಂಬ ನಿಯಮವಿರುವುದು ಈ ಕಾರಣಕ್ಕಾಗಿಯೇ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಕಿರಿದಾದ ಭೂತಾಯಿಯನ್ನು ಹಿಡಿಯುವುದಕ್ಕೂ ಅಡ್ಡಿಯಿದೆ. ಬುಟ್ಟಿಯ ಮುಂದೆ ನಿಂತಾಗ ನಮ್ಮ ಗೃಹಿಣಿಯರೂ ಈ ಅಳತೆಯನ್ನು ನೆನಪಿನಲ್ಲಿಟ್ಟುಕೊಳ್ಳಲಿ. ಬೆರಳುದ್ದದ ಮರಿಗೆ ಗಿರಾಕಿ ಇಲ್ಲವಾದರೆ ಅದನ್ನು ಹಿಡಿದು ತರುವವರೂ ಕಡಿಮೆಯಾಗುತ್ತಾರೆ.