ಒಕಾಝಾಕಿ ತುಣುಕುಗಳು: ಡಿಎನ್‌ಎ ನಕಲಿನಲ್ಲೊಂದು ತೊಡಕು

ಜೀವಕೋಶ ವಿಭಜನೆಗೊಳ್ಳುವ ಮುನ್ನ ಅದರ ಡಿಎನ್‌ಎ ಇಮ್ಮಡಿಯಾಗಬೇಕು. ದ್ವಿಸುರುಳಿಯ ಎರಡು ಎಳೆಗಳು ಬೇರ್ಪಟ್ಟು, ಒಂದೊಂದೂ ಹೊಸ ಎಳೆಗೆ ಅಚ್ಚಾಗುತ್ತದೆಂದು 1958ರಲ್ಲಿ ಮೆಸೆಲ್‌ಸನ್ ಮತ್ತು ಸ್ಟಾಲ್ ತೋರಿಸಿದುದನ್ನು ನೀವು ಓದಿದ್ದೀರಿ. ತರಗತಿಯಲ್ಲಿ ಇದನ್ನು ಜಿಪ್ ಬಿಚ್ಚುವುದಕ್ಕೆ ಹೋಲಿಸುವುದು ರೂಢಿ. ಹೋಲಿಕೆ ಸುಲಭ, ಆದರೆ ನಿಜವಾದ ತೊಡಕು ಅದರಲ್ಲಿ ಮರೆಯಾಗಿಬಿಡುತ್ತದೆ.

ಎರಡು ಎಳೆಗಳ ದಿಕ್ಕು ಪರಸ್ಪರ ವಿರುದ್ಧ: ಒಂದರ 5' ತುದಿಯ ಪಕ್ಕದಲ್ಲಿ ಇನ್ನೊಂದರ 3' ತುದಿ. ಡಿಎನ್‌ಎ ಪಾಲಿಮರೇಸ್ ಕಿಣ್ವವಾದರೋ ಬೆಳೆಯುತ್ತಿರುವ ಎಳೆಯ 3' ತುದಿಗೆ ಮಾತ್ರ ನ್ಯೂಕ್ಲಿಯೊಟೈಡ್‌ಗಳನ್ನು ಜೋಡಿಸಬಲ್ಲದು. ಸುರುಳಿ ಬಿಚ್ಚಿಕೊಳ್ಳುತ್ತಿರುವ ಕವಲಿನತ್ತ ಒಂದು ಹೊಸ ಎಳೆ ಅಡೆತಡೆಯಿಲ್ಲದೆ ಬೆಳೆಯುತ್ತದೆ. ಇನ್ನೊಂದು ಕವಲಿಗೆ ಬೆನ್ನು ಹಾಕಿ ಬೆಳೆಯಬೇಕು. ಹಾಗಾದರೆ ಎರಡೂ ಜೊತೆಜೊತೆಗೆ ನಕಲಾಗುವುದು ಹೇಗೆ?

ಉತ್ತರ ಕೊಟ್ಟವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಒಕಾಝಾಕಿ, ಅವರ ಪತ್ನಿ ತ್ಸುನೆಕೊ ಹಾಗೂ ಸಂಗಡಿಗರು. 1960ರ ದಶಕದ ಉತ್ತರಾರ್ಧದಲ್ಲಿ ಅವರು ಇ. ಕೋಲೈ ಬ್ಯಾಕ್ಟೀರಿಯಾಗಳಿಗೆ ವಿಕಿರಣಶೀಲ ಥೈಮಿಡಿನ್ ಅನ್ನು ಕೆಲವೇ ಸೆಕೆಂಡುಗಳ ಕಾಲ ಒದಗಿಸಿದರು. ಆ ಅವಧಿಯಲ್ಲಿ ತಯಾರಾದ ಡಿಎನ್‌ಎಗೆ ಮಾತ್ರ ಗುರುತು ಬೀಳುತ್ತದಷ್ಟೆ. ಗುರುತಿನ ಬಹುಪಾಲು ಒಂದೆರಡು ಸಾವಿರ ನ್ಯೂಕ್ಲಿಯೊಟೈಡ್ ಉದ್ದದ ತುಣುಕುಗಳಲ್ಲಿ ಸಿಕ್ಕಿತು. ಅವಧಿ ಹೆಚ್ಚಿಸಿದಾಗ ಗುರುತು ಉದ್ದನೆಯ ಎಳೆಗಳಲ್ಲಿ ಕಾಣಿಸಿತು. ಅಂದರೆ ತುಣುಕುಗಳು ಬೆಸೆದುಕೊಂಡಿದ್ದವು. ಬೆಸೆಯುವ ಲಿಗೇಸ್ ಕಿಣ್ವ ಕೆಟ್ಟಿದ್ದ ಟಿ4 ವೈರಸ್‌ಗಳಲ್ಲಿ ತುಣುಕುಗಳು ಹಾಗೆಯೇ ಉಳಿದುಕೊಂಡದ್ದು ಇದನ್ನು ದೃಢಪಡಿಸಿತು.

5' ತುದಿಗೆ ಜೋಡಿಸುವ ಇನ್ನೊಂದು ಪಾಲಿಮರೇಸ್ ಏಕಿಲ್ಲ ಎಂದು ವಿದ್ಯಾರ್ಥಿಗಳು ಕೇಳಿಯಾರು, ಕೇಳಲೇಬೇಕು. ಸಾಮಾನ್ಯವಾಗಿ ಕೊಡುವ ವಿವರಣೆ ತಪ್ಪು ತಿದ್ದುವಿಕೆಗೆ ಸಂಬಂಧಿಸಿದ್ದು. ಜೋಡಣೆಗೆ ಬೇಕಾದ ಶಕ್ತಿ ಇರುವುದು ಹೊಸದಾಗಿ ಬರುವ ನ್ಯೂಕ್ಲಿಯೊಟೈಡಿನ ಟ್ರೈಫಾಸ್ಫೇಟಿನಲ್ಲಿ. ತಪ್ಪಾಗಿ ಸೇರಿದ್ದನ್ನು ಕತ್ತರಿಸಿ ತೆಗೆದರೂ ಮುಂದಿನದು ತನ್ನ ಶಕ್ತಿಯನ್ನು ತಾನೇ ತರುತ್ತದೆ. 5' ತುದಿಯಲ್ಲಿ ಬೆಳೆಯುವಂತಿದ್ದರೆ ಆ ಟ್ರೈಫಾಸ್ಫೇಟ್ ಎಳೆಯ ತುದಿಯಲ್ಲೇ ಇರಬೇಕಾಗುತ್ತಿತ್ತು. ತಪ್ಪಿನೊಡನೆ ಅದೂ ಕತ್ತರಿಸಿಹೋಗಿ ಬೆಳವಣಿಗೆ ನಿಂತೇಹೋಗುತ್ತಿತ್ತು.

ಇನ್ನೊಂದು ಸಂಗತಿ. ಪಾಲಿಮರೇಸ್ ಬರಿದಾದ ಅಚ್ಚಿನ ಮೇಲೆ ತಾನಾಗಿ ಎಳೆಯನ್ನು ಆರಂಭಿಸಲಾರದು. ಹೀಗಾಗಿ ಪ್ರತಿ ತುಣುಕಿಗೂ ಮೊದಲು ಆರ್‌ಎನ್‌ಎಯ ಪುಟ್ಟ ಮುನ್ನೆಳೆಯೊಂದು ಬೇಕು. ಆಮೇಲೆ ಅದನ್ನು ತೆಗೆದು, ಆ ಜಾಗದಲ್ಲಿ ಡಿಎನ್‌ಎ ತುಂಬಿ, ಲಿಗೇಸ್ ಬೆಸೆಯುತ್ತದೆ.

ರೇಜಿ ಹುಟ್ಟಿದ ಊರು ಹಿರೋಶಿಮಾ. 1945ರ ಬಾಂಬಿನ ವಿಕಿರಣಕ್ಕೆ ಒಳಗಾಗಿದ್ದ ಅವರು 1975ರಲ್ಲಿ, 44ನೆಯ ವಯಸ್ಸಿನಲ್ಲಿ, ರಕ್ತ ಕ್ಯಾನ್ಸರಿನಿಂದ ತೀರಿಕೊಂಡರು. ತುಣುಕುಗಳ ತುದಿಯಲ್ಲಿರುವ ಆರ್‌ಎನ್‌ಎಯ ಅಧ್ಯಯನವನ್ನು ತ್ಸುನೆಕೊ ಮುಂದುವರಿಸಿದರು.