ಗೊತ್ತಿದ್ದ ಗುಟ್ಟಿಗೂ ಎದೆ ಡವಗುಟ್ಟುವುದೇಕೆ?

ಧಾರಾವಾಹಿಯ ತಿರುವು ನಮ್ಮನ್ನು ಹಿಡಿದು ಕೂರಿಸುವುದು ಮುಂದೇನಾಗುತ್ತದೋ ಗೊತ್ತಿಲ್ಲದಿರುವುದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 2013ರಿಂದ 2020ರವರೆಗೆ ನಡೆದ ಕನ್ನಡದ ‘ಅಗ್ನಿಸಾಕ್ಷಿ’ ಧಾರಾವಾಹಿಗೆ ಈ ಮಾತು ಹೊಂದುವುದಿಲ್ಲ. ಖಳನಾಯಕಿ ಚಂದ್ರಿಕಾಳ ಸಂಚು ನೋಡುಗರಿಗೆ ಎಂದೋ ತಿಳಿದಿತ್ತು. ಅದು ತಿಳಿಯಬೇಕಾಗಿದ್ದುದು ನಾಯಕ ಸಿದ್ಧಾರ್ಥನಿಗೆ. ಸಿದ್ಧಾರ್ಥ, ನಾಯಕಿ ಸನ್ನಿಧಿ ಕೊನೆಗೆ ಒಂದಾಗುತ್ತಾರೆಂಬುದರಲ್ಲೂ ಹೆಚ್ಚಿನವರಿಗೆ ಅನುಮಾನವಿರಲಿಲ್ಲ. ಇಂಥ ಕಥೆಗಳಲ್ಲಿ ನಾಯಕಿ ಸತ್ಯ ಹೇಳಲು ಬಾಯಿ ತೆರೆಯುತ್ತಾಳೆ, ಕ್ಯಾಮೆರಾ ಒಂದೊಂದೇ ಮುಖದ ಮೇಲೆ ನಿಲ್ಲುತ್ತದೆ, ಹಿನ್ನೆಲೆ ಸಂಗೀತ ಏರುತ್ತದೆ, ಅಷ್ಟರಲ್ಲಿ ಜಾಹೀರಾತು. ನೋಡುತ್ತಿದ್ದವರ ಕೈಯ ತುತ್ತು ಕೈಯಲ್ಲೇ ಉಳಿದಿರುತ್ತದೆ. ಗೊತ್ತಿದ್ದ ಗುಟ್ಟಿಗೆ ಇಷ್ಟೊಂದು ತಳಮಳವೇಕೆ? ಸತ್ಯ ಏನೆಂಬುದು ಗೊತ್ತಿದ್ದರೂ ಅದು ಯಾವಾಗ ಹೊರಬೀಳುತ್ತದೆಂಬುದು ಗೊತ್ತಿಲ್ಲ. ಮಿದುಳಿಗೆ ಅಷ್ಟು ಸಾಕು ಎಂಬುದು ನನ್ನ ವಾದ.

ಇದಕ್ಕೆ ಒಂದು ಸುಳಿವು ಮಂಗಗಳ ಪ್ರಯೋಗದಲ್ಲಿದೆ. ಫಿಯೊರಿಲ್ಲೊ, ಟಾಬ್ಲರ್ ಮತ್ತು ಶುಲ್ಟ್ಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಂಗಗಳಿಗೆ ಪರದೆಯ ಮೇಲೆ ಒಂದು ಚಿತ್ರ ಕಾಣಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ನಾಲಿಗೆಗೆ ಹಣ್ಣಿನ ರಸ ಬೀಳುತ್ತಿತ್ತು ಅಥವಾ ಬೀಳುತ್ತಿರಲಿಲ್ಲ. ರಸ ಖಚಿತವೆಂದು ಸೂಚಿಸುವ ಚಿತ್ರ ಬಂದರೆ ಮಿದುಳಿನ ಡೋಪಮೈನ್ ನರಕೋಶಗಳು ಆ ಚಿತ್ರಕ್ಕೇ ಒಮ್ಮೆ ಮಿಡಿದು ಸುಮ್ಮನಾಗುತ್ತಿದ್ದವು. ಬಂದರೂ ಬಂತು, ಇಲ್ಲದಿದ್ದರೂ ಇಲ್ಲ ಎಂಬ ಅರ್ಧಕ್ಕರ್ಧ ಸಾಧ್ಯತೆಯಿದ್ದಾಗ ಆ ಮಿಡಿತ ನಿಧಾನವಾಗಿ ಏರುತ್ತಾ ರಸ ಬೀಳಬೇಕಾದ ಗಳಿಗೆಯವರೆಗೂ ಮುಂದುವರಿಯುತ್ತಿತ್ತು. ರಸದ ರುಚಿ ಮಂಗಕ್ಕೆ ಹೊಸದಲ್ಲ. ಈ ಸಲ ಸಿಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ‘ಇವತ್ತಾದರೂ ಹೇಳಿಬಿಡ್ತಾಳಾ?’ ಎಂದು ಕಾಯುವವರ ಸ್ಥಿತಿ ಇದಕ್ಕೆ ತೀರಾ ಹತ್ತಿರ.

ಮಂಗದ ನಾಲಿಗೆಯ ರಸಕ್ಕೂ ಮನುಷ್ಯರ ಪ್ರೇಮಕಥೆಗೂ ಎಲ್ಲಿಯ ಸಂಬಂಧ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಪ್ರಯೋಗವೊಂದರಿಂದಲೇ ಎಲ್ಲವೂ ಸಾಬೀತಾಗುವುದಿಲ್ಲ. ಆದರೆ ಮನುಷ್ಯರನ್ನೇ ಓದಲು ಕೂರಿಸಿದ ಪರೀಕ್ಷೆಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಕೆಲವರಿಗೆ ಸಣ್ಣಕಥೆಗಳ ಅಂತ್ಯವನ್ನು ಮೊದಲೇ ಹೇಳಿಬಿಟ್ಟರು. ಅವರ ಖುಷಿ ಕುಂದಲಿಲ್ಲ, ಒಟ್ಟಾರೆ ತುಸು ಹೆಚ್ಚೇ ಆಯಿತು. ನಂತರದ ಕೆಲವು ಅಧ್ಯಯನಗಳಲ್ಲಿ ಫಲಿತಾಂಶ ಬೇರೆಯಾಗಿದೆ, ನಿಜ. ಆದರೂ ಅಂತ್ಯ ತಿಳಿದರೆ ಕಥೆ ಸತ್ತೇಹೋಯಿತು ಎನ್ನುವ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಗುಟ್ಟನ್ನು ವರ್ಷಗಟ್ಟಲೆ ಎಳೆದರೂ ಬಿಗಿ ಉಳಿಯಬೇಕಲ್ಲ, ಜನ ಬೇಸತ್ತು ಚಾನೆಲ್ ಬದಲಿಸುವುದೇಕೆ? ಉತ್ತರ ಅದೇ ಅರ್ಧಕ್ಕರ್ಧ ಸಾಧ್ಯತೆಯಲ್ಲಿದೆ ಎಂದು ನನಗನ್ನಿಸುತ್ತದೆ. ಬಾಯಿ ತೆರೆದಾಗಲೆಲ್ಲ ಫೋನು ರಿಂಗಾಗಿ ಮಾತು ನಿಂತೇ ನಿಲ್ಲುತ್ತದೆ ಎಂದು ನೋಡುಗರು ಒಮ್ಮೆ ಕಲಿತುಬಿಟ್ಟರೆ ಅಲ್ಲಿ ಅನಿಶ್ಚಯವೇ ಉಳಿಯುವುದಿಲ್ಲ. ಆಮೇಲೆ ಸಂಗೀತ ಎಷ್ಟೇ ಏರಲಿ, ಕೈಯ ತುತ್ತು ನೇರ ಬಾಯಿಗೇ ಹೋಗುತ್ತದೆ.